ಹಳೆಯ ಯುದ್ಧ ಸರಣಿ ಈಗಲೂ ಹಿಡಿಸುತ್ತದೆಯೇ?

ಪ್ರಶ್ನೆ: ಎರಡನೇ ಮಹಾಯುದ್ಧದ ಬಗೆಗಿನ 1973ರ ‘ದಿ ವರ್ಲ್ಡ್ ಅಟ್ ವಾರ್’ ಸಾಕ್ಷ್ಯಚಿತ್ರ ಸರಣಿಯನ್ನು ಕಾಲೇಜಿನಲ್ಲಿ ತೋರಿಸಬೇಕೆಂದಿದ್ದೇವೆ. 26 ಕಂತುಗಳಲ್ಲಿ ಯಾವುದರಿಂದ ಶುರು ಮಾಡೋಣ?
– ಓದುಗರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಧೈರ್ಯವಾಗಿ ತೋರಿಸಿ. ಯುದ್ಧ ಮುಗಿದು ಮೂವತ್ತು ವರ್ಷವೂ ಆಗಿರದ ಕಾಲದ ಕೆಲಸವಿದು. ಹಿಟ್ಲರನ ಮಂತ್ರಿ ಆಲ್ಬರ್ಟ್ ಸ್ಪೀರ್, ಕಾರ್ಯದರ್ಶಿ ಟ್ರೌಡ್ಲ್ ಯುಂಗೆ ಕ್ಯಾಮೆರಾ ಮುಂದೆ ಕೂತು ಮಾತಾಡಿದ್ದಾರೆ. ಸಾಮಾನ್ಯ ಸಿಪಾಯಿಗಳೂ ಇದ್ದಾರೆ. ಅಂಥ ಸಾಕ್ಷ್ಯ ಇನ್ನು ಸಿಗುವುದಿಲ್ಲ. ಬ್ರಿಟಿಷ್ ನಟ ಲಾರೆನ್ಸ್ ಒಲಿವಿಯರ್ ನಿರೂಪಣೆ ಎಲ್ಲೂ ಅಬ್ಬರಿಸುವುದಿಲ್ಲ.

14ನೇ ಕಂತು ಮೊದಲು ಹಾಕಿ. ಅದು ಬರ್ಮಾ ರಣರಂಗದ್ದು, ನಮ್ಮ ಮಕ್ಕಳಿಗೆ ಹತ್ತಿರ. ಯಹೂದಿಗಳ ನರಮೇಧದ 20ನೇ ಕಂತನ್ನು ಮೇಷ್ಟ್ರು ಮುಂಚೆಯೇ ನೋಡಿಕೊಳ್ಳಲಿ. ಕೊರತೆಯೊಂದಿದೆ: ಜರ್ಮನ್ ಗೂಢಲಿಪಿ ಒಡೆದ ಕಥೆ 1974ರವರೆಗೆ ಗುಟ್ಟಾಗಿತ್ತು, ಅದನ್ನು ನೀವೇ ಹೇಳಿಕೊಡಬೇಕು. 2010ರ ಬ್ಲೂ-ರೇ ಡಿಸ್ಕ್‌ನಲ್ಲಿ ಚಿತ್ರದ ಮೇಲ್ಭಾಗ, ಕೆಳಭಾಗ ಕತ್ತರಿಸಿದ್ದಾರೆ. ಹಳೆಯ ಟಿವಿ ಪರದೆಯ ಅಳತೆಯ (4:3) ಪ್ರತಿಯೇ ಮೇಲು.