ಮಾತ್ರೆ ಬಿಟ್ಟು ಕಾಳಿನ ಪುಡಿ ಹಿಡಿದ ರತ್ನಮ್ಮ

ಹೆಸರು, ಮನೆ ವಿವರ ಎಲ್ಲಾ ಬದಲಿಸಿದ್ದೇನೆ. ರತ್ನಮ್ಮ ಅನ್ನೋಣ, ಮಂಡ್ಯ ಕಡೆಯವರು. ರುಮಟಾಯ್ಡ್ ಸಂಧಿವಾತ. ಬೆಳಗ್ಗೆ ಎದ್ದರೆ ಬೆರಳ ಗೆಣ್ಣು ಊದಿರುತ್ತೆ, ಮುದ್ದೆ ಕಟ್ಟೋಕೂ ಕೈ ಬಗ್ಗಲ್ಲ. ಅಮ್ಮ ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ, ಯಾಕೆ ಅಂತ ಕೇಳಿದ್ರೆ ಅಳ್ತಾರೆ ಅಂತ ಮಗಳು ಆಹಾರದ ಸಲಹೆಗೆ ನನ್ನ ಹತ್ತಿರ ಕರೆದುಕೊಂಡು ಬಂದಿದ್ದಳು.

ಫೋನಿಗೆ ಬಂದ ಒಂದು ವಿಡಿಯೋ ನೋಡಿ ಕಾಳಿನ ಪುಡಿ ತರಿಸಿಕೊಂಡಿದ್ದರು. ಆಂಟಿಆಕ್ಸಿಡೆಂಟ್ (ಜೀವಕೋಶಕ್ಕಾಗುವ ಹಾನಿ ತಗ್ಗಿಸೋ ಅಂಶ) ಇದೆ, ಉರಿಯೂತ ಬುಡಸಮೇತ ಹೋಗುತ್ತೆ ಅಂತ ಹೇಳಿದ್ದರಂತೆ. ಇತ್ತ ಅತ್ತೆ, "ಅವರೆಕಾಳು ವಾಯು ಕಣೆ, ತಿಂದೂ ತಿಂದೂ ತರಿಸ್ಕೊಂಡೆ" ಅಂತ ದಿನಾ ಅನ್ನುತ್ತಿದ್ದರು.

"ಮೇಡಂ, ನನ್ ಬಾಯಿಚಪಲಕ್ಕೇ ಬಂದಿದ್ದಲ್ವಾ ಇದು?"

ಅಲ್ಲ. ಮೊದಲು ಇದನ್ನೇ ಹೇಳಿದೆ, ಎರಡೆರಡು ಸಲ ಹೇಳಿದೆ. ಇದು ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಕಾಳಿನಿಂದ ಹೊಟ್ಟೆಯಲ್ಲಿ ಗ್ಯಾಸ್ ಆಗಬಹುದು, ಕೀಲು ಊದಲ್ಲ. ನನ್ನ ಪ್ರಕಾರ ಮಾತ್ರೆ ಬಿಡಿಸಿದ್ದು ವಿಡಿಯೋಗಿಂತ ಜಾಸ್ತಿ ಈ ತಪ್ಪಿತಸ್ಥ ಭಾವನೆ. ತಪ್ಪು ತಿಂದು ಬಂದಿದ್ದಾದರೆ ಸರಿಯಾಗಿ ತಿಂದೇ ಹೋಗಲಿ ಅಂತ ಅವರು ಹಠ ಹಿಡಿದಿದ್ದರು.

ಹಾಗಂತ ಕಾಳಿನಲ್ಲಿ ಏನೂ ಇಲ್ಲ ಅಂತಲ್ಲ. ಹುರುಳಿ, ಕೆಂಪು ಅಲಸಂದೆ, ಕಪ್ಪು ಕಾಳುಗಳ ಸಿಪ್ಪೆಯಲ್ಲಿ ಪಾಲಿಫಿನಾಲ್ ಅನ್ನೋ ಆಂಟಿಆಕ್ಸಿಡೆಂಟ್ ಅಂಶಗಳು ಚೆನ್ನಾಗಿವೆ. ಪ್ರಯೋಗಾಲಯದ ನಳಿಕೆಯಲ್ಲಿ ಅವು ಜೋರಾಗಿ ಕೆಲಸ ಮಾಡುತ್ತವೆ, ಆದರೆ ನಾವು ತಿಂದಾಗ ರಕ್ತಕ್ಕೆ ಸೇರುವುದು ಸ್ವಲ್ಪವೇ, ಅದೂ ಕರುಳು, ಯಕೃತ್ತು ದಾಟುವಷ್ಟರಲ್ಲಿ ರೂಪ ಬದಲಾಗಿರುತ್ತೆ. ಯಾವ ಆಹಾರಕ್ಕೆ ನಳಿಕೆಯಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿ ಅನ್ನೋ ಅಂಕಿಗಳನ್ನು ಪಟ್ಟಿ ಮಾಡಿಟ್ಟಿದ್ದ ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಆ ಪಟ್ಟಿ ತೆಗೆದುಹಾಕಿತು. ಕಾಳಿನ ನಾರಿನಂಶವನ್ನು ಕರುಳಿನ ಬ್ಯಾಕ್ಟೀರಿಯಾ ಹುಳಿಸಿ ಬ್ಯುಟಿರೇಟ್ ಅನ್ನೋ ಕೊಬ್ಬಿನಾಮ್ಲ ತಯಾರಿಸುತ್ತವೆ. ಉರಿಯೂತ ತಗ್ಗಿಸಲು ಅದೂ ಕೈಜೋಡಿಸುತ್ತೆ. ಆದರೆ ಕೀಲು ಸವೆಯುವುದನ್ನು ತಡೆಯೋಕೆ ಮಾತ್ರೆಯೇ ಬೇಕು.

ಕೊಟ್ಟ ಸಲಹೆ ಇಷ್ಟು. ಪುಡಿ ನಿಲ್ಲಿಸಿ. ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಡಬ್ಬಿ ತೋರಿಸಿ, ಮಾತ್ರೆ ಬಿಟ್ಟಿದ್ದನ್ನು ಮುಚ್ಚಿಡದೆ ಹೇಳಿ. ನೀವಾಗೇ ಮತ್ತೆ ಶುರು ಮಾಡಬೇಡಿ, ಎಷ್ಟು, ಯಾವಾಗ ಅಂತ ಅವರೇ ಹೇಳಲಿ.

ಊಟಕ್ಕೆ ಬಸ್ಸಾರು ಸಾಕು. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನಲ್ಲೇ ಸಾರು ಮಾಡುವುದರಿಂದ ನೀರಿಗೆ ಬಿಟ್ಟ ಸತ್ವ ತಟ್ಟೆಗೇ ಬರುತ್ತೆ. ಹಿತುಕಿದ ಬೇಳೆಯಲ್ಲಿ ಸಿಪ್ಪೆ ಹೋಗುತ್ತೆ ನಿಜ, ಆದರೂ ಅವರೆ ಕಾಲದಲ್ಲಿ ಆಸೆಪಟ್ಟು ತಿನ್ನುವುದನ್ನು ಯಾಕೆ ಬಿಡಬೇಕು? ಒಣಕಾಳಾದರೆ ರಾತ್ರಿ ನೆನೆಹಾಕಿ ಆ ನೀರು ಚೆಲ್ಲಿ, ಗ್ಯಾಸ್ ಕಮ್ಮಿ ಆಗುತ್ತೆ. ರಾಜ್ಮಾ ಮಾತ್ರ ಅರೆಬೆಂದದ್ದು ತಿನ್ನಲೇಬಾರದು, ಅದರಲ್ಲಿರುವ ಲೆಕ್ಟಿನ್ ಅನ್ನೋ ಪ್ರೋಟೀನ್ ವಿಷ. ಚೆನ್ನಾಗಿ ಕುದಿಸಿದರೆ ಹೋಗುತ್ತೆ.

ಡಾಕ್ಟರನ್ನು ಕಂಡು ಬಂದಿದ್ದಾರೆ, ಮಾತ್ರೆ ಮತ್ತೆ ಶುರುವಾಗಿದೆ. ಊತ ಇನ್ನೂ ಇದೆ, ಗುಣ ಕಾಣೋಕೆ ವಾರಗಳೇ ಬೇಕು ಅಂತ ಮನೆಯವರಿಗೂ ಹೇಳಿದ್ದೇನೆ. ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಬರಲಿದ್ದಾರೆ.