ಗರ್ಭಕೋಶದ ಕ್ಯಾನ್ಸರ್‌ಗೆ ಹಾರ್ಮೋನ್ ಮಾತ್ರೆ ಯಾಕೆ ಕೊಡುತ್ತಾರೆ?

ಹಾರ್ಮೋನಿನಿಂದ ಬರುವ ಕ್ಯಾನ್ಸರ್‌ಗೆ ಮತ್ತೆ ಹಾರ್ಮೋನನ್ನೇ ಕೊಡುವುದು ಯಾಕೆ ಅಂತ ಕೇಳಿದ್ದೀರಿ. ಇವು ಎರಡು ಬೇರೆ ಬೇರೆ ಹಾರ್ಮೋನು, ಅದಕ್ಕೇ.

ಪ್ರತಿ ತಿಂಗಳೂ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಬಂದು ಆ ಬೆಳವಣಿಗೆಗೆ ತಡೆ ಹಾಕುತ್ತದೆ. ಅದು ಇಳಿದಾಗ ಪದರ ಕಳಚಿ ಮುಟ್ಟಾಗುತ್ತದೆ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಮುಟ್ಟು ಸರಿಯಾಗಿ ಆಗದ ತೊಂದರೆ) ಇರುವ ಹಲವರಲ್ಲಿ ತಿಂಗಳುಗಟ್ಟಲೆ ಅಂಡಾಣು ಬಿಡುಗಡೆಯೇ ಆಗುವುದಿಲ್ಲ, ಹಾಗಾಗಿ ತಡೆ ಹಾಕುವ ಪ್ರೊಜೆಸ್ಟರಾನೂ ಬರುವುದಿಲ್ಲ. ಮುಟ್ಟು ನಿಂತವರಲ್ಲಿ ಮೈಯ ಕೊಬ್ಬೇ ಈಸ್ಟ್ರೋಜನ್ ತಯಾರಿಸುತ್ತದೆ. ತೂಕ ಜಾಸ್ತಿ ಇದ್ದರೆ ಅದೂ ಜಾಸ್ತಿ. ತಡೆಯೇ ಇಲ್ಲದೆ ಪದರ ದಪ್ಪವಾಗುತ್ತಾ ಹೋದರೆ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ.

ಸಾಮಾನ್ಯವಾಗಿ ಗರ್ಭಕೋಶ ತೆಗೆಯುವುದೇ ಮೊದಲ ಚಿಕಿತ್ಸೆ. ಆದರೆ ರೋಗ ಒಳಪದರ ದಾಟಿಲ್ಲ, ನಿಧಾನವಾಗಿ ಬೆಳೆಯುವಂಥದ್ದು, ಮುಂದೆ ಮಗುವೂ ಬೇಕು ಅಂದಾಗ ಪ್ರೊಜೆಸ್ಟರಾನ್ ಥರದ ಮೆಜೆಸ್ಟ್ರಾಲ್ ಮಾತ್ರೆ ಕೊಡುತ್ತಾರೆ. ಇಲ್ಲವೇ ಅಂಥದೇ ಔಷಧ ಬಿಡುವ, ಕಾಪರ್-ಟಿ ಆಕಾರದ ಸಾಧನವನ್ನು ಗರ್ಭಕೋಶದೊಳಗೆ ಇಡುತ್ತಾರೆ. 3ರಿಂದ 6 ತಿಂಗಳಿಗೊಮ್ಮೆ ಪದರದ ಚೂರು ತೆಗೆದು ಪರೀಕ್ಷಿಸಲೇಬೇಕು. ಇದನ್ನು ತಪ್ಪಿಸಬೇಡಿ.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೇರೆಯದೇ ಕಥೆ, ಅದಕ್ಕೆ ಮುಖ್ಯ ಕಾರಣ ಎಚ್‌ಪಿವಿ ವೈರಸ್.

ಅಮ್ಮನಿಗೋ ಅತ್ತೆಗೋ ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ‘ವಯಸ್ಸಾಯ್ತಲ್ವಾ’ ಅಂತ ಸುಮ್ನೆ ಬಿಡಬೇಡಿ. ಅದೇ ವಾರ ಸ್ತ್ರೀರೋಗ ತಜ್ಞರಿಗೆ ತೋರಿಸಿ.