ಕಾರು ಪಾಲಿಶ್ ಮಾಡುವವರ ಸೊಂಟ ನೋವು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಯಲ್ಲಿ ಕಾರು ಶುಚಿ ಮಾಡಿ ಮೆರುಗು ಕೊಡುವ ಡೀಟೇಲಿಂಗ್ ಅಂಗಡಿಯೊಂದರಲ್ಲಿ ಪಾಲಿಶ್ ಕೆಲಸ ಮಾಡುತ್ತೇನೆ. ವಾರಕ್ಕೆ ನಾಲ್ಕು ಕಾರು. ಬಾನೆಟ್, ಟಾಪ್ ಮುಗಿಯುವವರೆಗೆ ಏನೂ ಅನ್ನಿಸುವುದಿಲ್ಲ. ಕೊನೆಗೆ ಬಾಗಿಲುಗಳ ಕೆಳಭಾಗಕ್ಕೆ ಬಂದಾಗ ಸೊಂಟ ಹಿಡಿದುಕೊಳ್ಳುತ್ತದೆ, ಸಂಜೆ ನೆಟ್ಟಗೆ ನಿಲ್ಲಲೂ ಆಗುವುದಿಲ್ಲ. ಹಗುರವಾದ ಮಿಶನ್ ಕೊಂಡರೆ ಸರಿಹೋಗುತ್ತದೆಯೇ?
– ಓದುಗರು, ಹಾಸನ

ಉತ್ತರ: ಮಿಶನ್‌ಗೆ ಈಗಲೇ ದುಡ್ಡು ಹಾಕಬೇಡಿ. ಡಿಎ (ಡ್ಯುಯಲ್ ಆ್ಯಕ್ಷನ್) ಪಾಲಿಶರ್, ಅಂದರೆ ಉಜ್ಜುವ ಪ್ಯಾಡನ್ನು ತಿರುಗಿಸುತ್ತಲೇ ಓಲಾಡಿಸುವ ಮಿಶನ್, ತೂಗುವುದು 2.5 ಕೆಜಿ ಆಸುಪಾಸು. ಬಗ್ಗಿ ನಿಂತಾಗ ಸೊಂಟದ ಸ್ನಾಯುಗಳು ಮುಖ್ಯವಾಗಿ ಹೊರುವುದು ಅದನ್ನಲ್ಲ, ನಿಮ್ಮದೇ ತಲೆ, ತೋಳು, ಎದೆ, ಹೊಟ್ಟೆಯನ್ನು. ಇವೆಲ್ಲ ಸೇರಿ ದೇಹದ ತೂಕದ ಅರ್ಧಕ್ಕಿಂತ ಹೆಚ್ಚು. 60 ಕೆಜಿ ಇರುವವರಿಗೆ 30 ಕೆಜಿಗೂ ಮೇಲಾಯಿತು. ಮಿಶನ್ನಿನಲ್ಲಿ ಅರ್ಧ ಕೆಜಿ ಉಳಿಸಿದರೂ ಈ ಭಾರ ಹಾಗೇ ಇರುತ್ತದೆ. ಗದ್ದೆ ನಾಟಿ ಮಾಡುವವರ ಕೈಯಲ್ಲಿ ಇರುವುದು ಒಂದು ಹಿಡಿ ಸಸಿ, ಆದರೂ ಸಂಜೆಗೆ ಅವರ ಸೊಂಟ ಏನಾಗಿರುತ್ತದೆ ಎಂದು ನಿಮಗೇ ಗೊತ್ತು.

ಆದ್ದರಿಂದ ನೀವು ಬಗ್ಗುವ ಬದಲು ಕೆಲಸವನ್ನು ನಿಮ್ಮ ಎತ್ತರಕ್ಕೆ ತನ್ನಿ. ಪ್ಯಾಡ್ ತಾಗುವ ಜಾಗ ಸೊಂಟಕ್ಕೂ ಎದೆಗೂ ನಡುವೆ, ಮೊಣಕೈ ಮಟ್ಟದಲ್ಲಿ ಇರಬೇಕು. ವಾಟರ್ ಸರ್ವಿಸ್‌ಗೆ ಬಳಸುವ ಹೈಡ್ರಾಲಿಕ್ ಲಿಫ್ಟ್ ಅಂಗಡಿಯಲ್ಲಿದ್ದರೆ ಕೆಳಭಾಗದ ಪಾಲಿಶ್‌ಗೂ ಅದೇ ಸಾಕು. ಕಾರನ್ನು ಎರಡು, ಎರಡೂವರೆ ಅಡಿ ಎತ್ತಿ, ಲಾಕ್ ಬಿದ್ದಿದೆಯೇ ನೋಡಿ, ನಿಂತೇ ಕೆಲಸ ಮಾಡಿ. ಅಲ್ಲಿ ನೆಲ ಒದ್ದೆ ಇರುತ್ತದೆ. ಒರೆಸಿ ಒಣಗಿಸದೆ ಕರೆಂಟಿನ ಮಿಶನ್ ಹಿಡಿಯಬೇಡಿ.

ಲಿಫ್ಟ್ ಇಲ್ಲದಿದ್ದರೆ 14ರಿಂದ 16 ಇಂಚು ಎತ್ತರದ ಚಕ್ರದ ಸ್ಟೂಲ್ ತರಿಸಿ. ಕಾಲು ಅಗಲಿಸಿ, ಬಾಗಿಲಿಗೆ ಎದುರಾಗಿ, ಆದಷ್ಟು ಹತ್ತಿರ ಕೂರಿ. ಪಕ್ಕಕ್ಕೆ ಹೋಗಬೇಕಾದಾಗ ಸೊಂಟ ತಿರುಗಿಸದೆ ಪಾದದಿಂದ ಸ್ಟೂಲನ್ನೇ ತಳ್ಳಿಕೊಂಡು ಹೋಗಿ. ಬಾಗಿಲ ಕೆಳಗಿನ ಪಟ್ಟಿಗೆ ಸ್ಟೂಲೂ ಎತ್ತರವಾಗುತ್ತದೆ. ಅಲ್ಲಿಗೆ ಅಡುಗೆಮನೆಯ ಮಣೆಯಂಥದ್ದೇ ಬೇಕು. ಕುಕ್ಕರುಗಾಲಲ್ಲಿ ಕೂತರೆ ಎರಡು ನಿಮಿಷಕ್ಕೆ ಮಂಡಿ ಸೋತು ಮತ್ತೆ ಸೊಂಟವೇ ಬಗ್ಗುತ್ತದೆ. ಈ ಪಟ್ಟಿಗೆ 3 ಇಂಚಿನ ಪ್ಯಾಡ್, ಒಂದೇ ಹಂತದ ಪಾಲಿಶ್ ಸಾಕು. ಮಂಡಿಗಿಂತ ಕೆಳಗಿನ ಸಣ್ಣ ಗೀರುಗಳು ನಿಂತು ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ನಿಮ್ಮ ಕೆಲಸದ ಕ್ರಮವೂ ತಪ್ಪಿದೆ. ತಗ್ಗಿನ ಕೆಲಸವನ್ನೆಲ್ಲ ಮೈ ದಣಿದ ಹೊತ್ತಿಗೆ ಉಳಿಸಿಕೊಳ್ಳುತ್ತಿದ್ದೀರಿ. ಒಂದು ಬಾಗಿಲಿನ ಮೇಲರ್ಧ ನಿಂತು, ಕೆಳಗರ್ಧ ಕೂತು ಮುಗಿಸಿ ಮುಂದಿನ ಬಾಗಿಲಿಗೆ ಹೋಗಿ. ಯಾವ ಭಂಗಿಯೂ 20 ನಿಮಿಷ ದಾಟಬಾರದು. ನಡುವೆ ನೆಟ್ಟಗೆ ನಿಂತು, ಎರಡೂ ಅಂಗೈ ಸೊಂಟದ ಹಿಂದಿಟ್ಟು, ನಿಧಾನವಾಗಿ ಹಿಂದಕ್ಕೆ ಐದಾರು ಸಲ ಬಾಗಿ.

ಇನ್ನೊಂದು ಕಾರಣವನ್ನು ನಿಮ್ಮ ಪ್ಯಾಡಿನಲ್ಲೇ ಹುಡುಕಬೇಕು. ಪ್ಯಾಡ್ ಕೂರಿಸುವ ಪ್ಲೇಟಿನ ಅಂಚಿಗೆ ಮಾರ್ಕರ್‌ನಿಂದ ಒಂದು ಕಪ್ಪು ಗೆರೆ ಎಳೆಯಿರಿ. ಮಿಶನ್ ಓಡುವಾಗ ಆ ಗೆರೆ ಸುತ್ತುತ್ತಿದ್ದರೆ ಪ್ಯಾಡ್ ಕೆಲಸ ಮಾಡುತ್ತಿದೆ. ಗೆರೆ ಒಂದೇ ಕಡೆ ನಿಂತು ನಡುಗುತ್ತಿದ್ದರೆ ನೀವು ಅತಿಯಾಗಿ ಒತ್ತುತ್ತಿದ್ದೀರಿ, ಇಲ್ಲವೇ ಪ್ಯಾಡ್ ಓರೆಯಾಗಿದೆ. 15 ಎಂಎಂ, 21 ಎಂಎಂ ಥ್ರೋ (ಪ್ಯಾಡ್ ಓಲಾಡುವ ಅಗಲ) ಇರುವ ಸಾಮಾನ್ಯ ಡಿಎಗಳಲ್ಲಿ ಒತ್ತಡ ಹೆಚ್ಚಾದಷ್ಟೂ ಸುತ್ತು ನಿಲ್ಲುತ್ತದೆ, ಗೀರು ಹೋಗುವುದಿಲ್ಲ. ಗೀರು ಹೋಗಲಿಲ್ಲವೆಂದು ಇನ್ನಷ್ಟು ಒತ್ತುತ್ತೇವೆ. ಹಾಗೆ ಒತ್ತುವ ಬಲ ಬರುವುದು ಸೊಂಟದಿಂದ. ಬಾನೆಟ್ ಮೇಲೆ ಮಿಶನ್ನಿನ ತೂಕ, ಅದರ ಮೇಲೆ ಕೈಯ ಸ್ವಲ್ಪ ಭಾರ ಸಾಕು. ಬಾಗಿಲಿಗೆ ಹದವಾಗಿ ಒತ್ತಬೇಕು, ಅದನ್ನು ಮುಂದಿನ ಕಾಲಿಗೆ ಮೈಭಾರ ಕೊಟ್ಟು ಒತ್ತಿ. ಎರಡಡಿ ಚೌಕಕ್ಕೆ ಬಟಾಣಿ ಗಾತ್ರದ ಮೂರ್ನಾಲ್ಕು ಹನಿ ಕಾಂಪೌಂಡ್ (ಗೀರು ತೆಗೆಯುವ ಪೇಸ್ಟ್), ಮಿಶನ್ ಸರಿಸಲು ಸೆಕೆಂಡಿಗೆ ಎರಡು ಮೂರು ಸೆಂ.ಮೀ. ವೇಗ, ಇಡೀ ಚೌಕದ ಮೇಲೆ ನಾಲ್ಕರಿಂದ ಆರು ಸಲ. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಶ್ ಅಥವಾ ಗಾಳಿಯಿಂದ ಶುಚಿ ಮಾಡಿ. ಕಾಂಪೌಂಡ್ ಮೆತ್ತಿಕೊಂಡ ಪ್ಯಾಡ್ ಎಷ್ಟು ಒತ್ತಿದರೂ ಕಡಿಯುವುದಿಲ್ಲ.

ವೈರನ್ನು ಭುಜದ ಮೇಲಿಂದ ಹಿಂದಕ್ಕೆ ಬಿಡಿ. ಹಿಡಿತ ಸಡಿಲವಾಗಿರಲಿ, ಬಿಗಿ ಹಿಡಿದಷ್ಟೂ ನಡುಕ ಕೈಗೆ, ಭುಜಕ್ಕೆ ಏರುತ್ತದೆ.

ಪ್ರಶ್ನೆ: ಚಿಕ್ಕಮಗಳೂರು ಹತ್ತಿರ ಕಾಫಿ ತೋಟವಿದೆ. ತೋಟದ ದಾರಿಯಲ್ಲಿ ಗಿಡದ ಕೊಂಬೆ ತಾಗಿ ಬೊಲೆರೊ ತುಂಬಾ ಗೀರು. ಮಿಶನ್ ತಂದು ಭಾನುವಾರ ನಾನೇ ಪಾಲಿಶ್ ಮಾಡಿದೆ. ಏಣಿ ಹತ್ತಿ ಟಾಪ್ ಉಜ್ಜಿದ್ದಕ್ಕೆ ಮೂರು ದಿನ ಬೆನ್ನು ತಿರುಗಿಸಲಾಗಲಿಲ್ಲ. ಎಲ್ಲಿ ತಪ್ಪಿದೆ?
– ಓದುಗರು, ಚಿಕ್ಕಮಗಳೂರು ತಾಲ್ಲೂಕು

ಉತ್ತರ: ಏಣಿಯಲ್ಲೇ ತಪ್ಪಿದ್ದೀರಿ. ಎರಡೂ ಕೈ ಮಿಶನ್ ಮೇಲಿರುವಾಗ ಏಣಿ ಮೇಲೆ ಪಾದ ಸರಿಸಲಾಗದು. ಕೈ ದೂರಕ್ಕೆ ಚಾಚಿದಂತೆ ಬೆನ್ನು ತಿರುಚಿಕೊಳ್ಳುತ್ತದೆ. ಬಾಗಿಲು ತೆರೆದು ಫುಟ್‌ಬೋರ್ಡ್ ಮೇಲೆ ನಿಲ್ಲುವುದೂ ಹೀಗೇ. ನಿಮ್ಮ ಗಾಡಿ ಆರಡಿಗಿಂತ ಹೆಚ್ಚು ಎತ್ತರ. ಅಲುಗಾಡದ, ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದ ಬೆಂಚು ಬೇಕು, ಎತ್ತರ ಎರಡು ಅಡಿ ಸಾಕು. ಅದರ ಮೇಲೆ ಅಡ್ಡಡ್ಡ ಹೆಜ್ಜೆ ಇಡುತ್ತಾ ಒಂದು ಪಕ್ಕದಿಂದ ಟಾಪಿನ ನಡುಗೆರೆಯವರೆಗೆ ಮಾತ್ರ ಮಾಡಿ, ಉಳಿದದ್ದಕ್ಕೆ ಬೆಂಚನ್ನು ಆಚೆ ಹಾಕಿ.

ಗೀರಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಪೂರ್ತಿ ಹೋಗುವ ಗೀರಲ್ಲ, ಅಲ್ಲೇ ನಿಂತು ಒತ್ತುವುದರಿಂದ ಪೇಂಟೂ ಬೆನ್ನೂ ಎರಡೂ ಹಾಳು. ಮೊದಲು ಕೆಮ್ಮಣ್ಣು ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಮಿಶನ್ನೇ ಹೊಸ ಗೀರು ಹಾಕುತ್ತದೆ. ಕಾಫಿ ಒಣಗಿಸುವ ಕಣ ಸಮತಟ್ಟಾಗಿದೆಯೆಂದು ಬಿಸಿಲಲ್ಲಿ ನಿಲ್ಲಿಸಬೇಡಿ, ಕಾಂಪೌಂಡ್ ಬೇಗ ಒಣಗಿ ಒರೆಸುವುದೇ ದೊಡ್ಡ ಕೆಲಸವಾಗುತ್ತದೆ, ಶೆಡ್ಡಿನೊಳಗೆ ಮಾಡಿ. ಒಂದೇ ದಿನ ಇಡೀ ಗಾಡಿ ಬೇಡ. ಒಂದು ಭಾನುವಾರ ಟಾಪ್, ಬಾನೆಟ್. ಮುಂದಿನ ವಾರ ಪಕ್ಕಗಳು. ಚಳಿಗಾಲದ ಬೆಳಿಗ್ಗೆ ಮೈ ಬಿಗಿದಿರುತ್ತದೆ, ಹತ್ತು ನಿಮಿಷ ನಡೆದಾಡಿ ಶುರು ಮಾಡಿ.

ಪ್ರಶ್ನೆ: ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಪಾಲಿಶ್ ಮಾಡಿದರೆ ನೋವು ಬರುವುದಿಲ್ಲವೇ?
– ಓದುಗರು, ಅರಸೀಕೆರೆ

ಉತ್ತರ: ಬೆಲ್ಟ್ ನೋವು ತಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ. ಕೆಲಸದ ಸ್ಥಳದ ಸುರಕ್ಷತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ 1994ರಲ್ಲೇ, ನೋವಿಲ್ಲದ ಕೆಲಸಗಾರರಿಗೆ ಬೆಲ್ಟ್ ಶಿಫಾರಸು ಮಾಡುವುದಿಲ್ಲ ಎಂದಿತು. ಬೆಲ್ಟ್ ಇದೆಯೆಂಬ ಧೈರ್ಯಕ್ಕೆ ಜಾಸ್ತಿ ಬಗ್ಗುವ ಅಪಾಯವೂ ಇದೆ. ಆ ದುಡ್ಡಿಗೆ ಸ್ಟೂಲ್ ಕೊಳ್ಳಿ. ವೈದ್ಯರೇ ಹೇಳಿದ್ದರೆ ಮಾತ್ರ, ಅವರು ಹೇಳಿದಷ್ಟು ದಿನ ಕಟ್ಟಿಕೊಳ್ಳಿ. ನೋವು ಮಂಡಿಯ ಕೆಳಗಿನವರೆಗೆ ಇಳಿಯುತ್ತಿದ್ದರೆ ಅಥವಾ ಕಾಲು ಜೋಮು ಹಿಡಿಯುತ್ತಿದ್ದರೆ ಕೆಲಸ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಕಾಲಿನ ಬಲ ಹೋದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಮರುದಿನಕ್ಕೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.